ಬೋರ್ಡಿನ ಬಳಗ

ಕನ್ನಡದ ಮನೆಗೆ ಬಂದ ಇಂಗ್ಲಿಷ್ ಶಬ್ದಗಳಲ್ಲಿ ಕೆಲವು ಜಗುಲಿಯ ಮೇಲೇ ಕುಳಿತು ಮಾತನಾಡಿ ಹೋಗುತ್ತವೆ. ಕೆಲವು ಅಡಿಗೆಯ ಮನೆಯವರೆಗೂ ನಡೆದುಬಂದು, ತಾವೇ ತಂಬಿಗೆ ತೆಗೆದುಕೊಂಡು ನೀರು ಬಗ್ಗಿಸಿಕೊಂಡು ಕುಡಿಯುತ್ತವೆ. ‘ಬೋರ್ಡು’ ಈ ಎರಡನೆಯ ಬಗೆಯ ನೆಂಟ. ಕೊನೆಯಲ್ಲೊಂದು ಉಕಾರವನ್ನು ಹಚ್ಚಿಕೊಂಡು ಅದು ಎಂದೋ ನಮ್ಮದಾಗಿಬಿಟ್ಟಿದೆ. ಬಸ್ಸಿಗೆ ಬೋರ್ಡು, ಅಂಗಡಿಗೆ ಬೋರ್ಡು, ಕ್ಲಾಸಿಗೆ ಬೋರ್ಡು, ಕೇರಮ್ಮಿಗೆ ಬೋರ್ಡು, ಕರೆಂಟಿಗೆ ಸ್ವಿಚ್ ಬೋರ್ಡು. ಮಕ್ಕಳಿಗೆ ಬೋರ್ಡು ಪರೀಕ್ಷೆ, ತಂದೆತಾಯಿಗಳಿಗೆ ಅದರ ಚಿಂತೆ. ಇಷ್ಟೆಲ್ಲ ಬಳಸುವ ನಾವು ಒಂದು ದಿನವಾದರೂ ಅದರ ಕುಲಗೋತ್ರವನ್ನು ವಿಚಾರಿಸಿದವರಲ್ಲ. ಮನೆಯೊಳಗಿನವರ ಗೋತ್ರವನ್ನು ಯಾರು ಕೇಳುತ್ತಾರೆ?

ನನ್ನ ಕೈಯಲ್ಲಿ ಅದನ್ನು ಕೇಳಿಸಿದವಳು ಬಿ.ಎ. ಮೊದಲ ವರ್ಷದ ಒಬ್ಬ ವಿದ್ಯಾರ್ಥಿನಿ. ಊರಿಗೆ ಹೋಗಿ ಬಂದಿದ್ದಳು. ಬಸ್ಸಿನ ಟಿಕೆಟ್ಟಿನಲ್ಲಿ ‘ಬೋರ್ಡಿಂಗ್ ಪಾಯಿಂಟ್’ ಎಂದು ಅಚ್ಚಾಗಿತ್ತಂತೆ. ಬಸ್ಸಿನಿಂದ ಇಳಿದರೆ ಎದುರಿಗೇ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂಬ ಫಲಕ. “ಸರ್, ಬೋರ್ಡಿಂಗ್ ಅಂದರೆ ಹತ್ತುವುದೋ, ಇಳಿದು ಮಲಗುವುದೋ?” ಎಂದಳು. ಮಲಗುವುದು ಲಾಡ್ಜಿಂಗ್, ಬೋರ್ಡಿಂಗ್ ಎಂದರೆ ಊಟ ಎಂದೆ. “ಅಲ್ಲಿ ಊಟವೇ ಇಲ್ಲ ಸರ್, ರೂಮು ಮಾತ್ರ” ಎಂದಳು. ಆಕೆಯ ಮಾತೂ ನಿಜವೇ. ನಮ್ಮ ಬಸ್ ನಿಲ್ದಾಣಗಳ ಎದುರಿಗಿರುವ ಅನೇಕ ಬೋರ್ಡಿಂಗ್ ಅಂಡ್ ಲಾಡ್ಜಿಂಗುಗಳಲ್ಲಿ ಒಲೆ ಆರಿ ಎಷ್ಟೋ ವರ್ಷಗಳಾಗಿವೆ. ಬೋರ್ಡಿಂಗ್ ಎಂಬುದು ಬೋರ್ಡಿನ ಮೇಲೆ ಮಾತ್ರ ಉಳಿದಿದೆ.

ಕನ್ನಡದ ಮೇಷ್ಟರಿಗೆ ಇಂಗ್ಲಿಷ್ ನಿಘಂಟು ನೆರೆಮನೆಯ ತೋಟವಿದ್ದಂತೆ. ಅಲ್ಲಿ ಅಡ್ಡಾಡುವ ಸುಖವೇ ಬೇರೆ. ಆ ಸಂಜೆ ನಾಲ್ಕು ಪುಟ ತಿರುಗಿಸಿದೆ.

ಬೋರ್ಡಿನ ಮೂಲರೂಪ ಹಳೆಯ ಇಂಗ್ಲಿಷಿನ ‘ಬೋರ್ಡ್’ ಎಂಬುದೇ. ಸಾವಿರ ವರ್ಷಗಳಾದರೂ ಮೈ ಸವೆಯದ ಗಟ್ಟಿ ಮರ. ಅದರ ಮೊದಲ ಅರ್ಥ ಸೀಳಿದ ಮರದ ತೆಳುವಾದ ತುಂಡು, ಎಂದರೆ ಹಲಗೆ. ಆದರೆ ಆ ಕಾಲಕ್ಕೇ ಅದಕ್ಕೆ ಇನ್ನೂ ಮೂರು ಅರ್ಥಗಳು ಕೂಡಿಕೊಂಡಿದ್ದವು: ಊಟದ ಮೇಜು, ಹಡಗಿನ ಪಕ್ಕ, ಮತ್ತು ಯೋಧನ ಗುರಾಣಿ. ಹಡಗಿನ ಪಕ್ಕ ಎಂಬರ್ಥದ ಬೋರ್ಡು ಮೂಲದಲ್ಲಿ ‘ಅಂಚು’ ಎಂಬರ್ಥದ ಬೇರೊಂದು ಶಬ್ದ, ಎರಡೂ ಒಂದೇ ರೂಪದವಾದ್ದರಿಂದ ಬೆರೆತುಹೋದವು ಎಂದು ಬಲ್ಲವರು ಹೇಳುತ್ತಾರೆ. ಆ ಅಂಚಿನ ಬೋರ್ಡು ಫ್ರೆಂಚರ ಮನೆಗೆ ಹೋಗಿ, ಅಲ್ಲಿಂದ ‘ಬಾರ್ಡರ್’ ಆಗಿ ಇಂಗ್ಲಿಷಿಗೆ ಮರಳಿತು. ದೊಡ್ಡ ಬಾರ್ಡರಿನ ಸೀರೆಯೇ ಬೇಕೆಂದು ಅಂಗಡಿಯಲ್ಲಿ ಹಟ ಹಿಡಿಯುವ ಗೃಹಿಣಿಯೂ, ಅದೇ ಅಂಗಡಿಯ ಬೋರ್ಡನ್ನು ಹುಡುಕುತ್ತ ಬೀದಿಯಲ್ಲಿ ಅಲೆಯುವ ಅವಳ ಗಂಡನೂ ಒಂದೇ ಬಳಗದ ಎರಡು ಶಬ್ದಗಳ ಬೆನ್ನು ಹತ್ತಿದ್ದಾರೆ ಎನ್ನಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ಗುರಾಣಿಯ ಅರ್ಥ. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಬೋರ್ಡ್ ಎಂದರೆ ಗುರಾಣಿ. ಯೋಧರು ಗುರಾಣಿಗೆ ಗುರಾಣಿ ತಾಗಿಸಿ ನಿಲ್ಲುವ ಸಾಲಿಗೆ ‘ಬೋರ್ಡುಗೋಡೆ’ ಎಂಬಂಥ ಸಮಾಸವೇ ಇತ್ತು. ಇದನ್ನೋದಿದ ಕೂಡಲೆ ನಮ್ಮ ಹಲಗೆ ನೆನಪಾಗದೆ ಇದ್ದೀತೆ? ಹಳಗನ್ನಡದ ‘ಪಲಗೆ’, ಪಾಲು ಹಾಲಾದಂತೆ, ಮುಂದೆ ‘ಹಲಗೆ’ಯಾಯಿತು. ನಮ್ಮ ಹಳೆಯ ಕಾವ್ಯಗಳ ಯುದ್ಧವರ್ಣನೆಯಲ್ಲಿ ಹಲಗೆ ಎಂದರೆ ಗುರಾಣಿಯೇ. ಕತ್ತಿಯ ಜೊತೆಗೆ ಅದು ಬಂದೇ ಬರುತ್ತದೆ. ಪಾಠ ಮಾಡುವಾಗ ಹುಡುಗರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಕತ್ತಿ ಸರಿ, ರಣರಂಗಕ್ಕೆ ಹಲಗೆ ಏಕೆ ಎಂದು. ಸಂಸ್ಕೃತದ ‘ಫಲಕ’ಕ್ಕೂ ಮರದ ಹಲಗೆ, ಗುರಾಣಿ, ಪಗಡೆಯ ಹಾಸು ಎಂಬ ಅರ್ಥಗಳಿವೆ. ಫಲಕದಿಂದ ಪಲಗೆ ಬಂತೋ, ಪಲಗೆಯ ಪೂರ್ವಜರಿಂದ ಫಲಕ ಹೋಯಿತೋ ಎಂಬ ವ್ಯಾಜ್ಯ ಪಂಡಿತರಿಗಿರಲಿ. ಥೇಮ್ಸ್ ನದಿಯ ದಂಡೆಯವನೂ ತುಂಗಭದ್ರೆಯ ದಂಡೆಯವನೂ ಒಬ್ಬರ ಮುಖವನ್ನೊಬ್ಬರು ಕಾಣದೆ ಮರವನ್ನು ಸೀಳಿದರು, ಎದೆಗೆ ಅಡ್ಡ ಹಿಡಿದರು, ಮತ್ತು ಆಯುಧಕ್ಕೆ ಮರದ ಹೆಸರನ್ನೇ ಬಿಟ್ಟರು. ಪುಸ್ತಕದ ಮಾತೂ ಹೀಗೆಯೇ. ಯುರೋಪಿನ ಹಳೆಯ ಪುಸ್ತಕಗಳಿಗೆ ಮರದ ಹಲಗೆಯೇ ರಟ್ಟು. ಇಂದಿಗೂ ಪುಸ್ತಕದ ರಟ್ಟನ್ನು ಅವರು ಬೋರ್ಡು ಎನ್ನುತ್ತಾರೆ. ನಮ್ಮ ಓಲೆಗರಿಯ ಕಟ್ಟುಗಳಿಗೂ ಮೇಲೊಂದು ಕೆಳಗೊಂದು ಹಲಗೆ.

ಹಡಗಿನ ಅರ್ಥದಿಂದ ಹುಟ್ಟಿದ ಮಕ್ಕಳು ಸ್ವಲ್ಪ ತುಂಟರು. ಹಿಂದೆ ಹಡಗನ್ನು ತಿರುಗಿಸುವ ಹುಟ್ಟು ಬಲಪಕ್ಕದಲ್ಲಿರುತ್ತಿತ್ತು. ಆದ್ದರಿಂದ ಬಲಪಕ್ಕ ‘ಸ್ಟಾರ್‌ಬೋರ್ಡ್’. ಇದರಲ್ಲಿ ನಕ್ಷತ್ರವೇನೂ ಇಲ್ಲ, ನಡೆಸುವ ಪಕ್ಕ ಎಂದಷ್ಟೇ ಅರ್ಥ. ಎಡಪಕ್ಕ ‘ಲಾರ್‌ಬೋರ್ಡ್’. ಬಿರುಗಾಳಿಯಲ್ಲಿ ಸ್ಟಾರ್ ಯಾವುದು ಲಾರ್ ಯಾವುದು ಎಂದು ಕೇಳಿಸದೆ ನಾವಿಕರು ಪಟ್ಟ ಪಾಡು ಎಷ್ಟೋ! ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾದಳ ಲಾರ್‌ಬೋರ್ಡನ್ನು ಕೈಬಿಟ್ಟು ‘ಪೋರ್ಟ್’ ಎನ್ನಬೇಕೆಂದು ಅಪ್ಪಣೆ ಹೊರಡಿಸಿತು. ಶಬ್ದಗಳನ್ನು ಸರಕಾರ ಅಪ್ಪಣೆಯಿಂದ ಬದಲಿಸಲಾರದು ಎಂದು ನಾವು ಭಾಷಾವಿಜ್ಞಾನದಲ್ಲಿ ಬೋಧಿಸುವುದುಂಟು. ಪ್ರಾಣಕ್ಕೆ ಬಂದಾಗ ಬದಲಿಸಬಹುದು ಎಂದು ಸೇರಿಸಬೇಕಾಗಿದೆ.

ಹಡಗನ್ನು ‘ಬೋರ್ಡ್ ಮಾಡುವುದು’ ಎಂದರೆ ಆ ಕಾಲದಲ್ಲಿ ಸೌಮ್ಯವಾದ ಕೆಲಸವಾಗಿರಲಿಲ್ಲ. ವೈರಿಯ ಹಡಗಿನ ಪಕ್ಕಕ್ಕೆ ತಮ್ಮ ಹಡಗನ್ನು ತಂದು ತಾಗಿಸಿ, ಕತ್ತಿ ಹಿರಿದು ಅತ್ತ ನೆಗೆಯುವುದು! ಅದು ಕ್ರಮೇಣ ಸಾಧುವಾಗಿ, ಬರಿದೆ ಹಡಗು ಹತ್ತುವುದಾಗಿ, ರೈಲು ಬಸ್ಸು ವಿಮಾನಗಳಿಗೂ ಹಬ್ಬಿತು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸು ಹಿಡಿದು ಸಾಲಿನಲ್ಲಿ ನಿಂತ ಸಭ್ಯರನ್ನು ನೋಡಿದಾಗ ಈಗ ನನಗೆ ಕಡಲುಗಳ್ಳರ ನೆನಪಾಗುತ್ತದೆ. ನಮ್ಮೂರಿನ ಸಂತೆಯ ದಿನದ ಬಸ್ಸಿನಲ್ಲಾದರೆ ಶಬ್ದದ ಮೂಲಾರ್ಥ ಇನ್ನೂ ಮಾಸಿಲ್ಲ.

ಇನ್ನು ಊಟದ ಬೋರ್ಡು. ಇದೇ ನನಗೆ ಎಲ್ಲಕ್ಕಿಂತ ಹತ್ತಿರದ್ದು.

ಮಧ್ಯಯುಗದ ಇಂಗ್ಲೆಂಡಿನ ಮನೆಯಲ್ಲಿ ಊಟದ ಮೇಜು ಎಂಬ ಸ್ಥಿರವಾದ ವಸ್ತು ಅಪರೂಪ. ಊಟದ ಹೊತ್ತಿಗೆ ಕುದುರೆಕಾಲಿನಂಥ ಎರಡು ಅಡ್ಡೆಗಳನ್ನು ನಿಲ್ಲಿಸಿ ಮೇಲೊಂದು ಉದ್ದ ಹಲಗೆ ಹಾಸುವರು. ಉಂಡ ಮೇಲೆ ಹಲಗೆಯನ್ನೆತ್ತಿ ಗೋಡೆಗೆ ಒರಗಿಸುವರು. ಆ ಹಲಗೆಯೇ ಬೋರ್ಡು. ಹಲಗೆಯ ಹೆಸರು ಅದರ ಮೇಲಿನ ಊಟಕ್ಕೆ ಬಂತು. ಊಟಕ್ಕೆ ಹಣ ಕೊಟ್ಟು ಪರರ ಮನೆಯಲ್ಲಿರುವವನು ಬೋರ್ಡರ್; ಉಣಿಸಿ ಓದಿಸುವ ಶಾಲೆ ಬೋರ್ಡಿಂಗ್ ಶಾಲೆ. ‘ಕಬೋರ್ಡು’ ಎಂದು ನಾವು ಕರೆಯುವ ಕಪಾಟು ಕೂಡ ಮೊದಲಿಗೆ ಬಾಗಿಲಿಲ್ಲದ, ಲೋಟಗಳನ್ನು ಜೋಡಿಸಿಡುವ ಹಲಗೆ, ಕಪ್ಪುಗಳ ಬೋರ್ಡು. ಬಳಿಕ ಫ್ರೆಂಚಿನಿಂದ ‘ಟೇಬಲ್’ ಬಂದು ಬೋರ್ಡಿನ ಜಾಗವನ್ನು ಆಕ್ರಮಿಸಿತು. ಆದರೆ ಈ ಟೇಬಲ್ಲಿನ ಮೂಲವಾದ ಲ್ಯಾಟಿನ್ನಿನ ‘ತಾಬುಲಾ’ಕ್ಕೂ ಅರ್ಥ ಹಲಗೆಯೇ! ಅದರ ಮರಿ ಟ್ಯಾಬ್ಲೆಟ್ಟು, ಎಂದರೆ ಚಿಕ್ಕ ಹಲಗೆ. ಜ್ವರ ಬಂದಾಗ ನಾವು ನೀರಿನೊಡನೆ ನುಂಗುವುದು ಅದನ್ನೇ.

ಗಂಡಹೆಂಡಿರ ಸಂಸಾರಕ್ಕೆ ಇಂಗ್ಲಿಷಿನಲ್ಲಿ ‘ಹಾಸಿಗೆ ಮತ್ತು ಬೋರ್ಡು’ ಎಂಬ ಜೋಡಿಮಾತುಂಟು. 1857ರ ಕಾಯಿದೆ ಬರುವವರೆಗೆ ಇಂಗ್ಲೆಂಡಿನ ಧರ್ಮನ್ಯಾಯಾಲಯಗಳು ಮದುವೆಯನ್ನು ಮುರಿಯದೆ ದಂಪತಿಗಳನ್ನು ‘ಊಟದ ಹಲಗೆಯಿಂದಲೂ ಹಾಸಿಗೆಯಿಂದಲೂ’ ಬೇರ್ಪಡಿಸುತ್ತಿದ್ದವು, ಮರುಮದುವೆಗೆ ಅವಕಾಶವಿರಲಿಲ್ಲ. ನಮ್ಮ ದೇಶದ 1869ರ ವಿಚ್ಛೇದನ ಕಾಯಿದೆಯಲ್ಲಿ, ಇನ್ನು ಮುಂದೆ ಅಂಥ ತೀರ್ಪು ಕೊಡಕೂಡದೆಂದು ಹೇಳುವುದಕ್ಕಾಗಿಯೇ ಆ ಲ್ಯಾಟಿನ್ ಮಾತು ಒಮ್ಮೆ ಇಣುಕುತ್ತದೆ. ಮದುವೆಯೆಂದರೆ ಒಂದೇ ಹಲಗೆಯ ಮೇಲೆ ಉಣ್ಣುವುದು ಎಂಬ ಹಳ್ಳಿಗನ ತಿಳಿವಳಿಕೆ ಕಾಯಿದೆಯ ಪುಸ್ತಕಕ್ಕೂ ಏರಿತ್ತು.

ಇಲ್ಲಿ ನಮಗೂ ಅವರಿಗೂ ದಾರಿ ಬೇರೆಯಾಗುತ್ತದೆ. ಅವರು ಹಲಗೆಯ ಮೇಲೆ ಉಂಡರು. ನಾವು ಹಲಗೆಯ ಮೇಲೆ ಕುಳಿತು, ನೆಲದ ಮೇಲಿನ ಎಲೆಯಲ್ಲಿ ಉಂಡೆವು. ನಮ್ಮದು ಮಣೆ. ಆದಕಾರಣ ನಮ್ಮ ಮಣೆಯಿಂದ ಅನ್ನದ ಅರ್ಥ ಹೊರಡಲಿಲ್ಲ, ಮರ್ಯಾದೆಯ ಅರ್ಥ ಹೊರಟಿತು. ‘ಅವರಿಗೆ ಮಣೆ ಹಾಕಿದರು’ ಎಂದರೆ ಗೌರವ ಕೊಟ್ಟರು ಎಂದೇ. ಮದುಮಕ್ಕಳಿಗೆ ಹಸೆಮಣೆ, ಆಡುವವರಿಗೆ ಚೆನ್ನೆಮಣೆ, ಅಡಿಗೆಯವರಿಗೆ ಈಳಿಗೆಮಣೆ. ಎಲ್ಲಕ್ಕೂ ಮಣೆಯುಂಟು, ಆದರೆ ಮಣೆಯಿಂದ ಒಂದು ಸರಕಾರಿ ಇಲಾಖೆ ಹುಟ್ಟಲಿಲ್ಲ.

ಇಂಗ್ಲಿಷಿನ ಬೋರ್ಡಿನಿಂದ ಹುಟ್ಟಿತು. ಉಣ್ಣುವ ಹಲಗೆಯ ಸುತ್ತಲೇ ಊಟದ ಅನಂತರ ಹಿರಿಯರು ಕುಳಿತು ಆಲೋಚನೆ ಮಾಡುವರು. 16ನೆಯ ಶತಮಾನದ ವೇಳೆಗೆ ಆ ಆಲೋಚನೆಯ ಮೇಜಿಗೆ ಬೋರ್ಡು ಎಂಬ ಹೆಸರು. ಮುಂದೆ ಮೇಜು ಮರೆಯಾಗಿ, ಸುತ್ತ ಕುಳಿತವರೇ ಬೋರ್ಡಾದರು. ಮರ ಮನುಷ್ಯರಾದ ಬಗೆ ಇದು. (ಮನುಷ್ಯರು ಮತ್ತೆ ಮರವಾಗುವುದನ್ನು ಕಾಣಬೇಕಾದರೆ ಯಾವುದಾದರೂ ಬೋರ್ಡಿನ ಸಭೆಗೆ ಹೋಗಬೇಕು.) ಇಸ್ಪೀಟಾಡುವವರು ಕೈಗಳನ್ನು ಮೇಜಿನ ಮೇಲೇ ಇಟ್ಟರೆ ಮೋಸವಿಲ್ಲವೆಂಬ ನಂಬಿಕೆಯಿಂದ ‘ಬೋರ್ಡಿನ ಮೇಲೆ’ ಎಂದರೆ ಪ್ರಾಮಾಣಿಕ ಎಂಬ ಅರ್ಥ ಬಂತೆಂದು ಹೇಳುತ್ತಾರೆ. ಆಡಳಿತದ ಬೋರ್ಡುಗಳಿಗೆ ಈ ಅರ್ಥ ಎಷ್ಟರಮಟ್ಟಿಗೆ ಅಂಟಿಕೊಂಡಿತೋ ಓದುಗರೇ ಹೇಳಬೇಕು.

ನಮಗೆ ಬೋರ್ಡು ದೊರೆತನದ ವೇಷದಲ್ಲಿಯೂ ಬಂತು, ಎಂಬುದನ್ನು ಮರೆಯುವಂತಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು ಬ್ರಿಟಿಷ್ ಪಾರ್ಲಿಮೆಂಟು 1784ರಲ್ಲಿ ಒಂದು ‘ಬೋರ್ಡ್ ಆಫ್ ಕಂಟ್ರೋಲ್’ ಮಾಡಿತು. 1858ರಲ್ಲಿ ಅದು ಮುಗಿಯಿತು. ಆ ಹೆಸರು ಮಾತ್ರ 1928ರಲ್ಲಿ ಕ್ರಿಕೆಟ್ಟಿನಲ್ಲಿ ಮರುಜನ್ಮ ತಾಳಿತು. ಮದರಾಸಿನಲ್ಲಿ 1786ರಿಂದ ರೆವಿನ್ಯೂ ಬೋರ್ಡು. 1799ರಲ್ಲಿ ಕನ್ನಡ ಜಿಲ್ಲೆ ಕಂಪನಿಯ ಕೈಸೇರಿದಾಗ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ನಮ್ಮ ಕರಾವಳಿಯ ಗದ್ದೆತೋಟಗಳ ವಿಚಾರವನ್ನೆಲ್ಲ ಬರೆದು ಕಳಿಸುತ್ತಿದ್ದುದು ಈ ಬೋರ್ಡಿಗೇ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು ಮೈಸೂರನ್ನು ಮೊದಲು ಒಪ್ಪಿಸಿದ್ದು ಇಬ್ಬರು ಕಮಿಷನರುಗಳ ಒಂದು ಬೋರ್ಡಿಗೆ. ಇಬ್ಬರ ಆಡಳಿತ ನಡೆಯದೆ 1834ರಲ್ಲಿ ಒಬ್ಬನೇ ಕಮಿಷನರನಾದ. ಎರಡೂವರೆ ವರ್ಷ ಮೈಸೂರನ್ನು ಆಳಿದ್ದು, ನಿಘಂಟಿನ ಪ್ರಕಾರ, ಒಂದು ಊಟದ ಹಲಗೆ.

ಸ್ವಾತಂತ್ರ್ಯ ಬಂದಮೇಲೆ ಬೋರ್ಡುಗಳು ಕಡಿಮೆಯಾಗಲಿಲ್ಲ. 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಬೋರ್ಡು, 1964ರಲ್ಲಿ ಬೆಂಗಳೂರಿನ ನೀರಿನ ಬೋರ್ಡು, 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷೆಯ ಬೋರ್ಡು. ವಿದ್ಯುತ್ತಿನ ಬೋರ್ಡು 1999ರಲ್ಲಿ ನಿಗಮವಾಗಿ, ಮುಂದೆ ಹಲವು ಕಂಪನಿಗಳಾಗಿ ಒಡೆಯಿತು. ಆದರೇನು? ದೀಪ ಆರಿದೊಡನೆ ಇಂದಿಗೂ ನಮ್ಮ ಬೀದಿಯವರು ಬೈಯುವುದು ‘ಕೆಇಬಿ’ಯವರನ್ನೇ. ಇಲ್ಲವಾದ ಬೋರ್ಡು ಬೈಗುಳದಲ್ಲಿ ಜೀವಂತವಾಗಿದೆ.

ಇದಕ್ಕೆಲ್ಲ ಕನ್ನಡದಲ್ಲಿ ನಾವು ‘ಮಂಡಳಿ’ ಎಂದೆವು. ತಪ್ಪಲ್ಲ; ಸುತ್ತ ಕುಳಿತವರ ವರ್ತುಲ. ಗೋಡೆಯ ಮೇಲಿನದಕ್ಕೆ ‘ಫಲಕ’, ಕ್ಲಾಸಿನದಕ್ಕೆ ‘ಕರಿಹಲಗೆ’ (ಅದು ಈಗ ಹಸಿರಾಗಿ, ಬಿಳಿದಾಗಿ, ಕೆಲವು ಕಡೆ ಬೆಳಕಿನ ಪರದೆಯಾಗಿದೆ), ಊಟದ್ದಕ್ಕೆ ‘ಊಟ’. ಒಂದು ಮರವನ್ನು ನಾಲ್ಕು ತುಂಡು ಮಾಡಿದೆವು. ಪ್ರತಿಯೊಂದೂ ಅಚ್ಚುಕಟ್ಟಾಗಿದೆ, ಆದರೆ ಇವೆಲ್ಲ ಒಂದೇ ಮರದವೆಂದು ಇನ್ನು ತಿಳಿಯುವಂತಿಲ್ಲ. ಭಾಷಾಂತರದಲ್ಲಿ ಇದು ಅನಿವಾರ್ಯ. ನಮ್ಮಲ್ಲೂ ಇಂಥ ಮರಗಳಿಲ್ಲದಿಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಕಪ್ಪನ್ನೂ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ‘ಕಡತ’ ಇಂದು ಸಚಿವಾಲಯದ ಮೇಜಿನಿಂದ ಮೇಜಿಗೆ ತೆವಳುವ ಫೈಲು. ಅದನ್ನು ಇಂಗ್ಲಿಷಿಗೆ ಒಯ್ಯುವವನೂ ಬಟ್ಟೆಯ ಕಪ್ಪನ್ನು ಇಲ್ಲಿಯೇ ಬಿಟ್ಟು ಹೋಗಬೇಕು.

ಇಷ್ಟನ್ನು ಟಿಪ್ಪಣಿ ಮಾಡಿಕೊಂಡು, ರಜೆಗೆ ಧಾರವಾಡದ ಕಡೆಯ ನಮ್ಮೂರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಎಂಬತ್ತು. ನಮ್ಮ ಕಡೆ ವಿದ್ಯಾರ್ಥಿನಿಲಯಕ್ಕೆ ಹಾಸ್ಟೆಲ್ ಎನ್ನುವುದು ಈಚಿನ ರೂಢಿ. ಹಿಂದಿನವರು ‘ಬೋರ್ಡಿಂಗ’ ಎಂದೇ ಕರೆದವರು. ಒಂದೊಂದು ಸಮಾಜದವರು ಮನೆಮನೆಗೆ ಹೋಗಿ ಜೋಳ ಕೂಡಿಸಿ, ತಮ್ಮ ತಮ್ಮ ಹುಡುಗರಿಗಾಗಿ ನಡೆಸಿದ ಬೋರ್ಡಿಂಗುಗಳು. ಅವು ಇಲ್ಲದಿದ್ದರೆ ಆ ತಲೆಮಾರಿನ ಎಷ್ಟೋ ಜನ ಅಕ್ಷರದ ಮುಖ ಕಾಣುತ್ತಿರಲಿಲ್ಲ. ಅಪ್ಪ ಓದಿದ್ದೂ ಅಂಥದೊಂದರಲ್ಲಿಯೇ. ಬೋರ್ಡಿಂಗ್ ಎಂದರೆ ಮೂಲದಲ್ಲಿ ಊಟ ಎಂದು ನಾನು ನಿಘಂಟಿನ ಗಾಂಭೀರ್ಯದಿಂದ ಹೇಳಿದೆ.

“ಅದನ್ನ ತಿಳಿಯಾಕ ನಾಕು ಪುಸ್ತಕ ತಗದೇನು ತಮ್ಮಾ?” ಎಂದರು ಅಪ್ಪ. “ಮಲಗಾಕ ನಮಗ ಗುಡಿ ಪೌಳಿನೂ ಸಾಕಾಗಿತ್ತು. ಉಣ್ಣಾಕಂತನ ಬೋರ್ಡಿಂಗ.”

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಅದುವರೆಗೆ ಹೇಳದಿದ್ದ ಒಂದು ಸಂಗತಿ ಹೇಳಿದರು. 1957ರಲ್ಲಿ ಊರಿನ ಶಾಲೆ ಮುಗಿಸಿ ಪೇಟೆಯ ಹೈಸ್ಕೂಲಿಗೆ ಸೇರಿದವರು ಇಬ್ಬರೇ. ಇನ್ನೊಬ್ಬ ಊರಲ್ಲಿ ಹಲಗೆ ಬಾರಿಸುವವರ ಮನೆಯ ಹುಡುಗ. ನಮ್ಮ ಸೀಮೆಯಲ್ಲಿ ಹಲಗೆ ಎಂದರೆ ಚರ್ಮವಾದ್ಯವೂ ಹೌದು; ಹೋಳಿಗೂ ಜಾತ್ರೆಗೂ ಸಾವಿಗೂ ಅದೇ ಬೇಕು. ಅಪ್ಪನಿಗೆ ಬೋರ್ಡಿಂಗಿನಲ್ಲಿ ಜಾಗ ಸಿಕ್ಕಿತು. ಆ ಹುಡುಗನಿಗೆ ಅಲ್ಲಿ ಸಿಗುವಂತಿರಲಿಲ್ಲ. ಅವನಂಥವರಿಗೆ ಪೇಟೆಯಲ್ಲಿ ಬೇರೆ ಬೋರ್ಡಿಂಗ್ ಇರಲಿಲ್ಲ. ಅವನು ದಿನಾಲು ನಡೆದು ಬಂದು ನಡೆದು ಹೋಗುತ್ತಿದ್ದ. ಒಂದು ಮಗ್ಗುಲಿಗೆ ಆರು ಮೈಲು. ಅಪ್ಪ ತಮಗೆ ಹಾಕಿದ ಎರಡು ರೊಟ್ಟಿಗಳಲ್ಲಿ ಒಂದನ್ನು ಅಂಗಿಯೊಳಗೆ ಇಟ್ಟುಕೊಂಡು ಹೋಗಿ ಮಧ್ಯಾಹ್ನದ ಬಿಡುವಿನಲ್ಲಿ ಅವನಿಗೆ ಕೊಡುವರು. ಶ್ರಾವಣ ಮುಗಿಯುವವರೆಗೆ ಹೀಗೆ ನಡೆಯಿತು. ಯಾರೋ ನೋಡಿ ಹೇಳಿದರು. ಬೋರ್ಡಿಂಗಿನ ಹಿರಿಯರು ಕೂಡಿ ತೀರ್ಮಾನಿಸಿದರು. ಮರುದಿನ ಊಟದ ಪಡಸಾಲೆಯ ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿತ್ತಂತೆ, ರೊಟ್ಟಿಯನ್ನು ಹೊರಗೆ ಒಯ್ಯಕೂಡದು ಎಂದು. ಅಪ್ಪನ ಹೆಸರನ್ನೇನೂ ಬರೆದಿರಲಿಲ್ಲ. ದೀಪಾವಳಿಯ ರಜೆ ಮುಗಿದ ಮೇಲೆ ಆ ಹುಡುಗ ಶಾಲೆಗೆ ಬರಲಿಲ್ಲ.

“ನನ್ನ ಲಗ್ನಕ್ಕ ಬಂದಿದ್ದ” ಎಂದರು ಅಪ್ಪ. ಮೆರವಣಿಗೆಯ ಮುಂದೆ ಹಲಗೆ ಬಾರಿಸುತ್ತ ಬಂದವನು ಅವನೇ. ಅಪ್ಪ ಹಸೆಮಣೆಯ ಮೇಲೆ ಕುಳಿತಾಗ ಅವನು ಹಂದರದ ಹೊರಗೆ ಬೇವಿನ ಬುಡದಲ್ಲಿ, ಹಲಗೆಯನ್ನು ಬೆಂಕಿಗೆ ಕಾಸುತ್ತ ಕುಳಿತಿದ್ದ. ಶಾಸ್ತ್ರಗಳೆಲ್ಲ ಮುಗಿದ ಮೇಲೆ ಅಪ್ಪ ಎದ್ದು ಅಲ್ಲಿಗೆ ಹೋದರಂತೆ.

“ಏನು ಮಾತಾಡಿದಿರಿ?” ಎಂದೆ.

“ಉಂಡ್ಯೇನೋ ಅಂತ ಕೇಳಿದೆ.”

“ಏನಂದ?”

“‘ಮದಲ ನಿಮ್ದಾಗ್ಲಿರೀ’ ಅಂದ” ಎಂದರು ಅಪ್ಪ. “ನೀ ಅಂತಿದ್ದ ನನಗ, ಸಾಲ್ಯಾಗ.”